ಮೊದಲಿನಷ್ಟು ಕೆಟ್ಟದಾಗಿಲ್ಲ

ಒಂದು ವಸ್ತು ಮೊದಲಿಗಿಂತ ಚೆನ್ನಾಗಿದೆ ಎಂಬ ಕಾರಣಕ್ಕೆ ಮುಖ ಸಿಂಡರಿಸುವ ಜನರನ್ನು ನಾನು ಇಂಗ್ಲೆಂಡಿನಲ್ಲಿ ಕಂಡೆ. ಅವರೇನೂ ಹುಚ್ಚರಲ್ಲ. ಒಬ್ಬರು ದಂತವೈದ್ಯರು, ಒಬ್ಬರು ನಿವೃತ್ತ ಪೋಸ್ಟ್‌ಮನ್, ಇನ್ನೊಬ್ಬರು ಗಣಿತದ ಮೇಷ್ಟರು, ನಾಲ್ಕನೆಯವರು ನನ್ನ ಷಡ್ಡಕರು. ಎಲ್ಲರಿಗೂ ಐವತ್ತು ದಾಟಿದೆ, ಎಲ್ಲರ ಮಂಡಿಯೂ ಕಟಕಟ ಎನ್ನುತ್ತದೆ. ಆದರೂ ಭಾನುವಾರ ಬೆಳಗಾದರೆ ಊರ ಸಭಾಂಗಣದ ಹಿಂದಿನ ಹುಲ್ಲಿನಲ್ಲಿ ಅದೇ ಮಂಡಿಯೂರಿ, ಮೊಳದುದ್ದದ ರಿಮೋಟ್ ಕಂಟ್ರೋಲ್ ಬಗ್ಗಿಯೊಂದನ್ನು ಮಗುಚಿ ಹಾಕಿ ಅದರ ಹೊಟ್ಟೆ ಬಗೆಯುತ್ತಿರುತ್ತಾರೆ. ನಾನು ಮೊದಲ ಸಲ ಹೋದ ದಿನ ಪೋಸ್ಟ್‌ಮನ್ನರು ತಮ್ಮ ಹೊಸ ಬಗ್ಗಿಯನ್ನು ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿ, ಬೇಸರದಿಂದ ಹೇಳಿದರು: “ನೆಟ್ಟಗೆ ಹೋಗುತ್ತೆ ಕಣ್ರಯ್ಯ.” ಉಳಿದ ಮೂವರೂ ನಿಟ್ಟುಸಿರಿಟ್ಟರು. ಯಾರಿಗೆ ಏನಾಯಿತೆಂದು ನನಗೆ ಗಾಬರಿಯಾಯಿತು.

ಷಡ್ಡಕರು ಪಕ್ಕಕ್ಕೆ ಕರೆದು ಪೂರ್ವಕಥೆ ಹೇಳಿದರು. ಜಪಾನಿನ ಶಿಜುವೋಕಾದಲ್ಲಿ ಪ್ಲಾಸ್ಟಿಕ್ ಮಾದರಿಗಳನ್ನು ಮಾಡುತ್ತಿದ್ದ ತಮಿಯಾ ಕಂಪನಿ 1976ರಲ್ಲಿ ರೇಡಿಯೋದಿಂದ ಓಡಿಸುವ ಪೋರ್ಷೆ 934 ಕಾರನ್ನು ಹೊರತಂದಿತು. ಅದು ನುಣುಪು ನೆಲದ ಗಾಡಿ. 1979ರಲ್ಲಿ ಸ್ಯಾಂಡ್ ಸ್ಕಾರ್ಚರ್ ಬಂದು ಮಣ್ಣು ಮರಳಿಗೂ ಇಳಿಯಬಹುದೆಂದು ತೋರಿಸಿತು. ಅಲ್ಲಿಂದ ಮುಂದೆ ಹತ್ತು ವರ್ಷ ಲೋಕದ ಹುಡುಗರೆಲ್ಲ ಕೆಟ್ಟರು. 1984ರಲ್ಲಿ ತಮಿಯಾದ ಹಾರ್ನೆಟ್, 1985ರಲ್ಲಿ ಕ್ಯೋಶೋ ಎಂಬ ಇನ್ನೊಂದು ಜಪಾನಿ ಕಂಪನಿಯ ಆಪ್ಟಿಮಾ. ಇವು ತಯಾರಾಗಿ ಬರುವ ಆಟಿಕೆಗಳಲ್ಲ. ಪೆಟ್ಟಿಗೆ ತುಂಬ ಬಿಡಿಭಾಗಗಳು ಬರುತ್ತವೆ, ನೀವೇ ಕೂತು ಜೋಡಿಸಿಕೊಳ್ಳಬೇಕು. ಆ ಹುಡುಗರು ಬೆಳೆದರು, ಕೆಲಸ ಹಿಡಿದರು, ಮನೆ ಸಾಲ ತೀರಿಸಿದರು. ತೀರಿಸುವುದನ್ನೇ ಕಾಯುತ್ತಿದ್ದವರ ಹಾಗೆ ಕಂಪನಿಗಳು ಅವೇ ಬಗ್ಗಿಗಳನ್ನು ಮತ್ತೆ ಮಾರುಕಟ್ಟೆಗೆ ಬಿಟ್ಟವು. ಹಾರ್ನೆಟ್ 2004ರಲ್ಲಿ ಮರಳಿತು. ಕ್ಯೋಶೋದವರು 2014ರಲ್ಲಿ ಸ್ಕಾರ್ಪಿಯನ್, 2016ರಲ್ಲಿ ಆಪ್ಟಿಮಾ, 2019ರಲ್ಲಿ ಉಲ್ಟಿಮಾ ಎಂದು ಒಂದೊಂದನ್ನೇ ಎಬ್ಬಿಸಿ ಕೂರಿಸಿದರು.

ಇಷ್ಟಾದರೆ ಸಂತೋಷಪಡಬೇಕಲ್ಲ? ಅಲ್ಲಿಯೇ ಇರುವುದು ಜಗಳ.

ಹಾರ್ನೆಟ್ಟಿನ ಮಾತು ಮೊದಲು. ಅದರ ಹಿಂಭಾಗದಲ್ಲಿ ಮೋಟಾರು, ಗಿಯರುಪೆಟ್ಟಿಗೆ, ಚಕ್ರದ ಅಚ್ಚು ಮೂರೂ ಸೇರಿ ಒಂದೇ ಗಂಟು. ಆ ಗಂಟನ್ನು ಎರಡು ಸ್ಪ್ರಿಂಗುಗಳ ಮೇಲೆ ಕೂರಿಸಿದ್ದಾರೆ. ಒಂದು ಚಕ್ರಕ್ಕೆ ಕಲ್ಲು ಸಿಕ್ಕರೆ ಇನ್ನೊಂದು ಚಕ್ರಕ್ಕೂ ಸುದ್ದಿ ಮುಟ್ಟುತ್ತದೆ, ಇಡೀ ಗಾಡಿ ಕುಪ್ಪಳಿಸುತ್ತದೆ. ಜೋರಾಗಿ ಓಡಿಸಿದಷ್ಟೂ ಜೋರಾಗಿ ಕುಪ್ಪಳಿಸುತ್ತದೆ. ತಿರುವಿನಲ್ಲಿ ಅದು ಯಾವ ದಿಕ್ಕಿಗೆ ಹೋಗಬೇಕೆಂದು ನೀವು ಸೂಚಿಸಬಹುದು, ನಿರ್ಧಾರ ಅದರದೇ. ಮರುಬಿಡುಗಡೆಯಲ್ಲಿ ತಮಿಯಾದವರು ಆ ಕುಪ್ಪಳಿಕೆಯನ್ನು ಕೈಯಿಂದಲೂ ಮುಟ್ಟದೆ ಹಾಗೇ ಉಳಿಸಿದರು. ಅದಕ್ಕೆ ದಂತವೈದ್ಯರ ತಕರಾರು: “ಇಪ್ಪತ್ತು ವರ್ಷ ಸಮಯ ಇತ್ತು, ಸರಿಮಾಡಬಾರದಿತ್ತೆ?” ಪೋಸ್ಟ್‌ಮನ್ನರಿಗೆ ಸಿಟ್ಟು ಬಂತು. ಕುಪ್ಪಳಿಸದಿದ್ದರೆ ಅದು ಹಾರ್ನೆಟ್ ಹೇಗಾದೀತು?

ಹಾಗಾದರೆ ಸರಿಮಾಡಿದ ಆಪ್ಟಿಮಾ ಕಂಡರೆ ದಂತವೈದ್ಯರಿಗೆ ಖುಷಿಯೇ ಇರಬೇಕು ಎಂದುಕೊಂಡೆ. “ಅದೇ ಬಂದಿರೋದು ತೊಂದರೆ. ಎಲ್ಲ ಸರಿಮಾಡಿಬಿಟ್ಟಿದ್ದಾರೆ” ಎಂದರು ಅವರು.

ಆ ‘ಎಲ್ಲ’ ಯಾವುದೆಂದು ನನಗೆ ಪಾಠವಾಯಿತು. ನೋಡಲು ಹೊಸ ಆಪ್ಟಿಮಾ ಹಳೆಯದರ ಅವಳಿ. ಅಲ್ಯುಮಿನಿಯಮ್ ಪಟ್ಟಿಗಳ ಅದೇ ಏಣಿ ಚೌಕಟ್ಟು, ಚಿನ್ನದ ಬಣ್ಣದ ಅವೇ ಶಾಕ್ ಅಬ್ಸಾರ್ಬರು. ಒಳಗೆ ಕೈ ಹಾಕಿದರೆ ಬೇರೆಯೇ ಪ್ರಪಂಚ. ತಿರುಗುವಲ್ಲೆಲ್ಲ ಬಾಲ್ ಬೇರಿಂಗ್. ಈ ಬೇರಿಂಗಿನ ವಿಷಯದಲ್ಲಿ ಮೇಷ್ಟರಿಗೆ ನೋವಿದೆ. ಅವರ ಕಾಲದಲ್ಲಿ ಪ್ಲಾಸ್ಟಿಕ್ ಬುಷ್ ಹಾಕಿಕೊಂಡು ಗಾಡಿ ಓಡಿಸಿ, ಪುಡಿಗಾಸು ಕೂಡಿಟ್ಟು ಈ ತಿಂಗಳು ಎರಡು ಬೇರಿಂಗ್, ಮುಂದಿನ ತಿಂಗಳು ಎರಡು ಎಂದು ಕೊಂಡು ಗಾಡಿಯನ್ನು ದೊಡ್ಡದು ಮಾಡುತ್ತಿದ್ದರಂತೆ. ಈಗ ಎಲ್ಲವೂ ಪೆಟ್ಟಿಗೆಯಲ್ಲೇ ಬರುತ್ತವೆ. “ಹೀಗೆ ಕೊಟ್ಟುಬಿಟ್ಟರೆ ಹುಡುಗರು ಏನು ಕಲೀತಾರೆ?” ಎಂದು ಕೇಳಿದರು. ಅಲ್ಲಿ ಹುಡುಗರೆಂಬುವರು ಯಾರೂ ಇರಲಿಲ್ಲ. ಇದ್ದ ಒಬ್ಬ ಮೊಮ್ಮಗ ಬೆಂಚಿನ ಮೇಲೆ ಕೂತು ಫೋನ್ ನೋಡುತ್ತಿದ್ದ.

ಆಮೇಲೆ ತಿರುಪುಗಳು. ಜಪಾನಿನ ಕೂಡುಗುರುತಿನ ತಿರುಪು ನಮಗೆ ನಿಮಗೆ ಕಾಣುವ ಹಾಗೆ ಮಾಮೂಲಿ ಸ್ಟಾರ್ ತಿರುಪಲ್ಲ. ಅವರ ಅಳತೆ ಬೇರೆ. ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಕಚ್ಚಿ ಹಿಡಿಯದೆ ಜಾರಿ ತಲೆಯನ್ನೇ ಸವೆಸಿಬಿಡುತ್ತದೆ. ಇದನ್ನು ತಿಳಿಯದೆ ಇಂಗ್ಲೆಂಡಿನ ಒಂದು ಇಡೀ ತಲೆಮಾರು ತಿರುಪುಗಳ ತಲೆ ಹಾಳುಮಾಡಿ, ತಪ್ಪು ಜಪಾನಿನದೆಂದು ನಂಬಿತ್ತು. ಬಹಳ ತಡವಾಗಿ ಗುಟ್ಟು ತಿಳಿದು ಇವರೆಲ್ಲ ಖಾಸಾ ಜಪಾನಿನಿಂದಲೇ ಸ್ಕ್ರೂಡ್ರೈವರ್ ತರಿಸಿಕೊಂಡರು. ತರಿಸಿಕೊಂಡದ್ದೇ ತಡ, ಹೊಸ ಆಪ್ಟಿಮಾಕ್ಕೆ ಆರುಮೂಲೆಯ ಅಲೆನ್ ತಿರುಪು ಬಂದಿತು. ಸ್ಕ್ರೂಡ್ರೈವರುಗಳು ಮರದ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಮಲಗಿವೆ, ಪೋಸ್ಟ್‌ಮನ್ನರು ಅವುಗಳಿಗೆ ಆಗಾಗ ಎಣ್ಣೆ ಸವರುತ್ತಾರೆ.

ಬ್ಯಾಟರಿಯದಂತೂ ಪುರಾಣ. ಆಗಿನದು 7.2 ವೋಲ್ಟಿನ ನಿಕಲ್ ಕ್ಯಾಡ್ಮಿಯಮ್. ರಾತ್ರಿಯಿಡೀ ಚಾರ್ಜು ಮಾಡಿದರೆ ಹತ್ತು ಹನ್ನೆರಡು ನಿಮಿಷ ಓಡುತ್ತಿತ್ತು. ವೇಗದ ನಿಯಂತ್ರಣಕ್ಕೆ ತಾಮ್ರದ ಕಡ್ಡಿಯೊಂದು ಫಲಕದ ಮೇಲೆ ಸರಿಯುತ್ತಿತ್ತು. ನಿಧಾನ ಹೋಗಬೇಕೆಂದರೆ ಹೆಚ್ಚಾದ ವಿದ್ಯುತ್ತನ್ನು ಒಂದು ರೆಸಿಸ್ಟರಿಗೆ ಸುರಿದು ಶಾಖ ಮಾಡಿ ಕಳೆಯುವುದು. ಅಂದರೆ ಗಾಡಿ ಮೆಲ್ಲಗೆ ಹೋದಷ್ಟೂ ಒಳಗೆ ಬೇಯುತ್ತಿತ್ತು. ಅದನ್ನು ಮುಟ್ಟಿ ಸುಟ್ಟುಕೊಂಡ ಬೆರಳನ್ನು ಮೇಷ್ಟರು ನನಗೆ ತೋರಿಸಿದರು. ನನಗೇನೂ ಕಾಣಲಿಲ್ಲ, ಕಂಡಿತೆಂದೆ. ಈಗ ಲಿಥಿಯಮ್ ಬ್ಯಾಟರಿ, ಎಲೆಕ್ಟ್ರಾನಿಕ್ ನಿಯಂತ್ರಣ, ಇಂಗಾಲದ ಬ್ರಷ್ಷೇ ಇಲ್ಲದ ಮೋಟಾರು. ಗಾಡಿ ಸಾಕುಸಾಕೆನ್ನುವಷ್ಟು ಹೊತ್ತು ಓಡುತ್ತದೆ. ಬ್ರಷ್ ಇಲ್ಲದ್ದರಿಂದ ಬ್ರಷ್ ಸುಟ್ಟ ವಾಸನೆಯೂ ಇಲ್ಲ ಎಂಬುದು ದಂತವೈದ್ಯರ ಕೊರಗು. ದಿನವಿಡೀ ಜನರ ಬಾಯಲ್ಲಿ ಮೂಗಿಟ್ಟುಕೊಂಡಿರುವವರಿಗೆ ವಾಸನೆಯ ಬಗ್ಗೆ ಇಷ್ಟು ಕಕ್ಕುಲಾತಿ ಇರುವುದು ಆಶ್ಚರ್ಯ.

ಒಂದೇ ಒಂದಕ್ಕೆ ನಾಲ್ವರೂ ತಲೆದೂಗಿದರು: ಚೈನು. ಹಿಂದಿನ ಮೋಟಾರಿನಿಂದ ಮುಂದಿನ ಚಕ್ರಗಳಿಗೆ ಶಕ್ತಿ ಸಾಗಿಸುವ ಆಪ್ಟಿಮಾದ ಚೈನನ್ನು ಕ್ಯೋಶೋದವರು ಹಾಗೇ ಇಟ್ಟಿದ್ದಾರೆ. ಅದು ಗರಗರ ಎನ್ನುತ್ತದೆ, ಬರಬರುತ್ತ ಸಡಿಲವಾಗುತ್ತದೆ, ಪದೇಪದೇ ಬಿಗಿ ಮಾಡಬೇಕು. “ಕೇಳಿ, ಕೇಳಿ” ಎಂದು ಷಡ್ಡಕರು ಗಾಡಿಯನ್ನು ನನ್ನ ಕಿವಿಗೆ ಹಿಡಿದರು. ನನಗೆ ಕೇಳಿಸಿದ್ದು ರಿಪೇರಿಗೆ ಬಂದ ಮಿಕ್ಸಿ.

ನಗುವುದು ಸುಲಭ. ಮೈಸೂರಿನ ಕಡೆ ಬೆಳೆದ ನನಗೆ ರೇಡಿಯೋ ಎಂದರೆ ವಾರ್ತೆ ಕೇಳುವ ಪೆಟ್ಟಿಗೆ. ನನ್ನ ಗಾಡಿ ಹಳೇ ಸೈಕಲ್ ಟೈರು, ಅದರ ರಿಮೋಟು ಬೇಲಿಯಿಂದ ಮುರಿದ ಕೋಲು. ಆದರೆ ಆ ರಾತ್ರಿ ನಿದ್ದೆ ಬಾರದೆ ಯೋಚಿಸಿದೆ. ಯಾರಾದರೂ ಆ ಟೈರನ್ನು ಮರುಬಿಡುಗಡೆ ಮಾಡಿದರೆ? ಸುಧಾರಿತ ಆವೃತ್ತಿ, ಹದವಾದ ರಬ್ಬರು, ಅಲುಗಾಡದ ಸಮತೋಲ, ಕೈಗೆ ಸಿಬಿರು ಚುಚ್ಚದ ಕಾರ್ಬನ್ ಫೈಬರ್ ಕೋಲು. ಮಲಗಿದ್ದಲ್ಲೇ ನನಗೆ ಸಿಟ್ಟು ಬಂತು. ನಮ್ಮ ಟೈರು ಒಂದು ಕಡೆ ಸವೆದು ಎಡಕ್ಕೆ ಎಳೆಯುತ್ತಿತ್ತು. ಎಡಕ್ಕೆ ಎಳೆಯದ ಟೈರನ್ನು ಓಡಿಸಲು ಯಾವ ಮಹಾ ಕಲೆ ಬೇಕು? ಚರಂಡಿಗೆ ಬೀಳದಂತೆ ಕೊನೆಯ ಗಳಿಗೆಯಲ್ಲಿ ಕೋಲು ತಿರುಗಿಸುವ ಕೈಚಳಕವನ್ನು ಆ ಕಂಪನಿಯವರು ಎಲ್ಲಿಂದ ತರುತ್ತಾರೆ? ಹೀಗೆ ಇಲ್ಲದ ಕಂಪನಿಗೆ ಮನಸ್ಸಿನಲ್ಲೇ ಒಂದು ಉದ್ದ ಕಾಗದ ಬರೆದು, ಬೆಳಗಿನ ಜಾವ ನಿದ್ದೆ ಹೋದೆ. ಮರುದಿನದಿಂದ ಅವರ ದೂರುಗಳನ್ನು ತುಸು ಗೌರವದಿಂದ ಕೇಳತೊಡಗಿದೆ.

ದೂರುವವರೇ ಮೊದಲು ಕೊಳ್ಳುವವರು. ಅದೂ ಎರಡೆರಡು. ಒಂದು ಓಡಿಸಲು, ಇನ್ನೊಂದು ಪೆಟ್ಟಿಗೆ ಬಿಚ್ಚದೆ ಇಡಲು. ಹೊಸದು ಬಂದಾಗ ನಿಜವಾಗಿ ಎದೆ ಒಡೆದುಕೊಂಡವರು ಬೇರೆ: 1985ರ ಅಸಲಿ ಗಾಡಿಗೆ ಚಿನ್ನದ ಬೆಲೆ ತೆತ್ತು ಕಪಾಟಿನಲ್ಲಿಟ್ಟ ದಂತವೈದ್ಯರು. ಅದರ ತದ್ರೂಪು ಅಂಗಡಿಯಲ್ಲಿ ಸಾಲಾಗಿ ಕೂತಿತೆಂದರೆ ಹೊಟ್ಟೆ ಉರಿಯದೆ ಇದ್ದೀತೆ? ಮುಖಕ್ಕೆ ಮಾತ್ರ ತತ್ತ್ವದ ಪ್ರಶ್ನೆ ಎಂಬ ಕಳೆ. ಬೆಲೆಯ ವಿಷಯದಲ್ಲಿ ನಾಲ್ವರಲ್ಲೂ ಒಂದು ಅಲಿಖಿತ ಒಪ್ಪಂದವಿದೆ: ಹೆಂಡತಿಗೆ ಹೇಳುವುದು ಕಾಲುಭಾಗ. ನನ್ನ ನಾದಿನಿಗೆ ಇದು ಎಂದೋ ಗೊತ್ತು. “ಇವರು ಹೇಳೋ ರೇಟನ್ನ ನಾಲ್ಕರಿಂದ ಗುಣಿಸ್ತೀನಿ ಭಾವ, ಆಮೇಲೆ ಅಷ್ಟಕ್ಕೇ ಒಂದು ಸೀರೆ ತಗೋತೀನಿ” ಎಂದಳು. ಮನೆಯಲ್ಲಿ ಶಾಂತಿ ಇರುವುದು ಸತ್ಯದಿಂದಲ್ಲ, ಗುಣಾಕಾರದಿಂದ.

ಮೇಷ್ಟರು ಈ ಗುಂಪಿನ ಇತಿಹಾಸಕಾರರು. 1987ರಲ್ಲಿ ಇಂಗ್ಲೆಂಡಿನ ರಾಮ್ಸಿಯಲ್ಲಿ ಬಗ್ಗಿಗಳ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಹುಡುಗನಾಗಿ ಹೋಗಿ ನೋಡಿದ್ದರಂತೆ. ಅಲ್ಲಿ ಎರಡು ಚಕ್ರಚಾಲಿತ ವಿಭಾಗವನ್ನು ಅಮೆರಿಕದ ಜೋಯಲ್ ಜಾನ್ಸನ್ ಉಲ್ಟಿಮಾ ಓಡಿಸಿ ಗೆದ್ದ. ನಾಲ್ಕು ಚಕ್ರದ್ದನ್ನು ಜಪಾನಿನ ಮಸಾಮಿ ಹಿರೋಸಾಕಾ ಗೆದ್ದ, ಅದೂ ಇಂಗ್ಲೆಂಡಿನ ಶುಮಾಕರ್ ಕಂಪನಿಯ ಕ್ಯಾಟ್ ಗಾಡಿಯಲ್ಲಿ. ಜಪಾನಿನ ಗಾಡಿಯಲ್ಲಿ ಅಮೆರಿಕದವನು, ಇಂಗ್ಲೆಂಡಿನ ಗಾಡಿಯಲ್ಲಿ ಜಪಾನಿನವನು! ಮೇಷ್ಟರು ಇದನ್ನು ಹೇಳುವಾಗ ತಾವೇ ಗೆದ್ದಂತೆ ಎದೆ ಸೆಟೆಯುತ್ತದೆ. ಆ ದಿನಗಳಲ್ಲಿ ಆಂಟೆನಾದ ತುದಿಗೆ ಬಣ್ಣದ ಬಾವುಟ ಕಟ್ಟುತ್ತಿದ್ದರು. 27 ಮೆಗಾಹರ್ಟ್ಸ್ ಅಲೆಯನ್ನು ಹಂಚಿಕೊಳ್ಳಬೇಕಲ್ಲ, ಕೆಂಪಿನವನು ಓಡಿಸುವಾಗ ಇನ್ನೊಬ್ಬ ಕೆಂಪಿನವನು ಸ್ವಿಚ್ ಒತ್ತಿದರೆ ಮೊದಲನೆಯವನ ಗಾಡಿ ಬೇಲಿ ಹಾರಿ ಪಕ್ಕದವರ ಟೊಮೇಟೊ ಪಾತಿಯಲ್ಲಿ. ಈಗ 2.4 ಗಿಗಾಹರ್ಟ್ಸ್; ಎಷ್ಟು ಮಂದಿ ಬೇಕಾದರೂ ಒಟ್ಟಿಗೆ ಓಡಿಸಬಹುದು, ಯಾರ ಗಾಡಿಯೂ ಇನ್ನೊಬ್ಬರ ಮಾತು ಕೇಳುವುದಿಲ್ಲ. ಇದೂ ಒಂದು ದೂರು. ಪಕ್ಕದವರ ಟೊಮೇಟೊ ತಪ್ಪಿಹೋಯಿತಂತೆ.

ನನ್ನ ಷಡ್ಡಕರ ಪ್ರಕರಣ ಎಲ್ಲಕ್ಕಿಂತ ವಿಚಿತ್ರ. ಅವರ ತಂದೆ ದಾವಣಗೆರೆಯ ಕಡೆಯ ಡಾಕ್ಟರು, ಎಪ್ಪತ್ತರ ದಶಕದ ಕೊನೆಗೆ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯ ಕೆಲಸಕ್ಕೆ ಬಂದವರು. ಮಗ ಶಾಲೆಯಿಂದ ಬರುವಾಗ ಬೀಟಿಸ್ ಎಂಬ ಆಟಿಕೆ ಅಂಗಡಿಯ ಗಾಜಿಗೆ ಮೂಗೊತ್ತಿ ನಿಲ್ಲುತ್ತಿದ್ದ. ಕೇಳಿದಾಗಲೆಲ್ಲ ಅಪ್ಪನ ಉತ್ತರ ಒಂದೇ: “ಮಾರ್ಕ್ಸ್ ಬರಲಿ.” ಮಾರ್ಕ್ಸ್ ಬಂತು, ಮನೆಗೆ ಎನ್‌ಸೈಕ್ಲೋಪೀಡಿಯಾ ಬಂತು. ಹುಡುಗ ತಮಿಯಾ ಕ್ಯಾಟಲಾಗನ್ನೇ ದಿಂಬಿನಡಿ ಇಟ್ಟುಕೊಂಡು ಮಗ್ಗಿಯಂತೆ ಬಾಯಿಪಾಠ ಮಾಡಿದ. ಹಾಗಾಗಿ ಹಳೆಯ ಗಾಡಿಯ ಪರವಾಗಿ ಎಲ್ಲರಿಗಿಂತ ಜೋರಾಗಿ ವಾದಿಸುವ ಈ ಮನುಷ್ಯ ಹಳೆಯ ಗಾಡಿಯನ್ನು ಕೈಯಲ್ಲಿ ಹಿಡಿದದ್ದೇ ಇಲ್ಲ. ಚಕ್ರದ ಬಿಳುಪು ಒಂದು ಕೂದಲು ಹೆಚ್ಚಾಗಿದೆ ಎನ್ನುತ್ತಾರೆ. ಅವರು ಹೋಲಿಸುತ್ತಿರುವುದು ಫೋಟೋಕ್ಕೆ. ಸ್ನೇಹಿತರಿಗೆ ಇದು ಗೊತ್ತಿಲ್ಲ. “ನೀವು ಹೇಳಬೇಡಿ ಭಾವ” ಎಂದು ನನ್ನಿಂದ ಆಣೆ ಹಾಕಿಸಿಕೊಂಡರು.

1985ರ ವೈಲ್ಡ್ ಒನ್ ಎಂಬ ತಮಿಯಾ ಬಗ್ಗಿಯನ್ನು ಮನುಷ್ಯರು ಕೂತು ಓಡಿಸುವಷ್ಟು ದೊಡ್ಡದಾಗಿ, ವಿದ್ಯುತ್ ವಾಹನವಾಗಿ ಮಾಡುತ್ತೇವೆಂದು 2021ರಲ್ಲಿ ಒಂದು ಬ್ರಿಟಿಷ್ ಕಂಪನಿ ಪ್ರಕಟಿಸಿತು. ಅದರ ಚಿತ್ರ ನೋಡಿ ನಾಲ್ವರೂ ಒಂದು ಗಳಿಗೆ ಮೌನವಾದರು. ಕಾರನ್ನು ನೋಡಿ ಆಟಿಕೆ ಮಾಡುವುದು ಹಳೆಯದಾಯಿತು, ಆಟಿಕೆ ನೋಡಿ ಕಾರು! ದೂರು ಹೇಳಲು ಏನಾದರೂ ಸಿಗಬೇಕಲ್ಲ. ಕೊನೆಗೆ ಪೋಸ್ಟ್‌ಮನ್ನರು ಕಂಡುಹಿಡಿದರು: “ಅಳತೆ ಸರಿ ಇಲ್ಲ. ದೊಡ್ಡದಾಯ್ತು.”

ನಾವು ಊರಿಗೆ ಹೊರಡುವ ಹಿಂದಿನ ದಿನ ಷಡ್ಡಕರ ತಂದೆ ಮಗನ ಮನೆಗೆ ಬಂದಿದ್ದರು. ತೊಂಬತ್ತರ ಹತ್ತಿರದ ಹಿರಿಯರು, ಕೈಯಲ್ಲಿ ಕೋಲು, ತಲೆಯ ಮೇಲೆ ಉಣ್ಣೆಯ ಟೋಪಿ. ಹಿತ್ತಲಲ್ಲಿ ಆಪ್ಟಿಮಾ ಗರಗರ ಓಡುತ್ತಿತ್ತು. ಕುರ್ಚಿ ಹಾಕಿಸಿಕೊಂಡು ಕೂತು ಬಹಳ ಹೊತ್ತು ನೋಡಿದರು. ಅದು ಗುಲಾಬಿ ಗಿಡದ ಪಾತಿ ಹತ್ತಿ ಇಳಿದು ಅವರ ಚಪ್ಪಲಿಯ ಹತ್ತಿರ ಬಂದು ನಿಂತಾಗ ಕೋಲಿನ ತುದಿಯಿಂದ ಒಮ್ಮೆ ಮುಟ್ಟಿ ಕೇಳಿದರು:

“ಎಷ್ಟಪ್ಪಾ ಇದಕ್ಕೆ?”

ಅಡುಗೆಮನೆಯ ಕಿಟಕಿ ತೆರೆದಿತ್ತು. ನಾದಿನಿ ಅಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಷಡ್ಡಕರು ಅತ್ತ ನೋಡಿ, ಇತ್ತ ನೋಡಿ, ಅವಳಿಗೆ ಹೇಳಿದ್ದ ರೇಟನ್ನೇ ಅಪ್ಪನಿಗೂ ಹೇಳಿದರು.

“ಅಷ್ಟೇನಾ?” ಎಂದರು ಹಿರಿಯರು. “ಅವಾಗ ಒಂದ್ ಮಾತು ಕೇಳಿದ್ರೆ ಕೊಡಿಸ್ತಿದ್ನಲ್ಲೋ.”