ಹಳದಿ ಹಚ್ಚುವ ದೋಸ್ತ

ಧಾರವಾಡದ ಸಪ್ತಾಪುರದಲ್ಲಿ ಯಾವ ಬಾಡಿಗೆ ರೂಮಿನ ಬಾಗಿಲು ತಳ್ಳಿದರೂ ಈತ ಸಿಗುತ್ತಾನೆ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಪುಸ್ತಕ ತೆರೆದುಕೊಂಡು, ಹೈಲೈಟರ್ ಹಿಡಿದು ಕೂತಿರುತ್ತಾನೆ. ನೋಡಿದವರು ಓದುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಅವನೂ ಹಾಗೇ ಅಂದುಕೊಂಡಿದ್ದಾನೆ.

ಹಳದಿ ಅಂದರೆ ಮುಖ್ಯ. ಗುಲಾಬಿ ಬಹಳ ಮುಖ್ಯ. ಹಸಿರು ಹಚ್ಚಿದ್ದು ಈ ಸಲ ಬಂದೇ ಬರುತ್ತದೆ. ಕಿತ್ತಳೆ ಹಚ್ಚಿದ್ದು ಹೋದ ವರ್ಷ ಬಂದಿತ್ತು, ಈ ವರ್ಷ ಬರಲಿಕ್ಕಿಲ್ಲ, ಆದರೂ ಇರಲಿ. ಈ ಲೆಕ್ಕ ಮರೆತೀತೆಂದು ಪುಸ್ತಕದ ಕೊನೇ ಪುಟದಲ್ಲಿ ಅದನ್ನೆಲ್ಲ ಬರೆದಿಟ್ಟು, ಅದಕ್ಕೂ ಹಳದಿ ಹಚ್ಚಿರುತ್ತಾನೆ. ಗೋಡೆಯ ಮೇಲೆ ಟೈಮ್‌ಟೇಬಲ್ ಉಂಟು. ನಸುಕಿನ ನಾಲ್ಕಕ್ಕೆ ಅಲಾರಂ ಹೊಡೆದು ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಏಳುತ್ತಾರೆ. ಸೀನಿಯರ್ ನೋಟ್ಸನ್ನು ಝೆರಾಕ್ಸ್ ಮಾಡಿಸಿ ಸ್ಪೈರಲ್ ಬೈಂಡಿಂಗ್ ಹಾಕಿಸಿದ ದಿನ ಆ ವಿಷಯ ಮುಗಿದಂತೆಯೇ.

ಇಂಥವನೊಬ್ಬನ ಜೊತೆ ಬಿ.ಎಸ್ಸಿ. ಮುಗಿಸಿದ ಈ ಲೇಖಕ ಒಮ್ಮೆ ಕಾಲೇಜು ಲೈಬ್ರರಿಯಿಂದ ಸಸ್ಯಶಾಸ್ತ್ರದ ದಪ್ಪ ಪುಸ್ತಕ ತಂದಿದ್ದ. “ಒಂದ ದಿವಸಕ್ಕ ಕೊಡೋ ದೋಸ್ತ” ಎಂದು ಅವನು ಒಯ್ದ. ಮರುದಿನ ಸಂಜೆ ಪುಸ್ತಕ ವಾಪಸು ಬಂತು. ತೆರೆದರೆ ಗದಗಿನ ಕಡೆಯ ಸೂರ್ಯಕಾಂತಿ ಹೊಲ!

“ಏನಲೇ ಇದು?”

“ನಿನಗ ಅನುಕೂಲ ಆಗ್ಲಿ ಅಂತ ಇಂಪಾರ್ಟೆಂಟ್ ಅಷ್ಟ ಗುರುತು ಮಾಡೀನಿ.”

ಮುನ್ನುಡಿ ಇಂಪಾರ್ಟೆಂಟ್ ಆಗಿತ್ತು. ಲೇಖಕರು ಹೆಂಡತಿಗೆ ಕೃತಜ್ಞತೆ ಹೇಳಿದ ಸಾಲು ಬಹಳ ಇಂಪಾರ್ಟೆಂಟ್. ಬಣ್ಣ ತಾಗದೆ ಉಳಿದದ್ದು ನಡುವಿನ ಒಂದೇ ಚಿತ್ರ, ಎಲೆಯ ಅಡ್ಡಸೀಳಿಕೆಯದು. ಲೈಬ್ರರಿಯ ದಂಡ ಈ ಲೇಖಕನ ಕಿಸೆಯಿಂದ ಹೋಯಿತು. ಪರೀಕ್ಷೆಯಲ್ಲಿ ಬಂದದ್ದು ಅದೇ ಚಿತ್ರ: ಬಿಡಿಸಿ, ಭಾಗಗಳನ್ನು ಗುರುತಿಸಿ. ಪರೀಕ್ಷಾ ಕೋಣೆಯಿಂದ ಹೊರಬಂದ ದೋಸ್ತನ ಮುಖದಲ್ಲಿ ಒಂದಿಷ್ಟೂ ದುಃಖವಿರಲಿಲ್ಲ. “ಅದೊಂದ ಬಿಟ್ಟಿದ್ನಿ ನೋಡು. ಅಂದ್ರ ಉಳದದ್ದೆಲ್ಲಾ ಬರೋಬರಿ ಹಚ್ಚೀನಿ!”

ಬರವಣಿಗೆಯ ಬಗ್ಗೆಯೂ ಅವನದೊಂದು ಸಿದ್ಧಾಂತವಿತ್ತು. ಪೇಪರ್ ತಿದ್ದುವವರು ಗೇಣು ಹಾಕಿ ಮಾರ್ಕ್ಸ್ ಕೊಡುತ್ತಾರಂತೆ. ಹಾಗಾಗಿ ಪ್ರಶ್ನೆ ಯಾವುದೇ ಇರಲಿ, ಮೊದಲ ಅರ್ಧ ಪುಟ ಪ್ರಕೃತಿಯ ಮಹತ್ವಕ್ಕೆ ಮೀಸಲು.

ಇನ್ನು ಅವನ ಓದಿನ ವಿಧಾನಕ್ಕೆ ಬಂದರೆ, ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು 2013ರಲ್ಲಿ ಓದಿನ 10 ವಿಧಾನಗಳನ್ನು ಒರೆಗೆ ಹಚ್ಚಿದರು. ತನಗೆ ತಾನೇ ಪರೀಕ್ಷೆ ಕೊಟ್ಟುಕೊಳ್ಳುವುದು, ಒಂದೇ ಸಲಕ್ಕೆ ಗುಡ್ಡೆ ಹಾಕದೆ ದಿನಗಳ ಅಂತರ ಬಿಟ್ಟು ಓದುವುದು, ಇವೆರಡಕ್ಕೆ ಮೇಲಿನ ಸ್ಥಾನ. ಹೈಲೈಟರಿಗೆ ತಳದ ಸಾಲು. ಅದೇ ಸಾಲಿನಲ್ಲಿ ಈ ಲೇಖಕನ ನೆಚ್ಚಿನ ವಿಧಾನವಾದ ‘ಇನ್ನೊಂದು ಸಲ ಓದುವುದು’ ಕೂಡ ಇತ್ತು. ಅದನ್ನು ದೋಸ್ತನಿಗೆ ತಿಳಿಸುವ ಅಗತ್ಯ ಈತನಿಗೆ ಕಂಡಿಲ್ಲ. ಅದಕ್ಕೂ ಮೊದಲು, 2006ರಲ್ಲಿ, ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದ್ದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದರು. ನಮ್ಮ ವಿಶ್ವವಿದ್ಯಾಲಯಗಳು ಐದು ನಿಮಿಷಕ್ಕೆ ಪರೀಕ್ಷೆ ನಡೆಸುವುದಿಲ್ಲ, ಅವನ ದುರದೃಷ್ಟ.

ಹಾಗಂತ ಅವನು ದಡ್ಡನಲ್ಲ. ಹತ್ತನೆಯ ತರಗತಿವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ವಿಜ್ಞಾನಕ್ಕೆ ಅವನೇ ಮೊದಲಿಗ. ಪಿಯುಸಿಗೆ ಬಂದದ್ದೇ ತಡ, ಗೊತ್ತಿದ್ದ ಪಾಠವೆಲ್ಲ ಇಂಗ್ಲಿಷಿನಲ್ಲಿ ಗುರುತು ಸಿಗದ ಹಾಗೆ ಎದುರು ನಿಂತಿತು. ಡಿಕ್ಷನರಿ ತೆಗೆದು ಕೂತರೆ ಒಂದು ಪ್ಯಾರಾಕ್ಕೆ ಒಂದು ಸಂಜೆ. ಹೀಗೆ ಓದಬೇಕೆಂದು ಕೂರಿಸಿ ಹೇಳಿಕೊಟ್ಟವರು ಯಾರೂ ಇಲ್ಲ. ಒಳಗೆ ಬಿಟ್ಟುಕೊಳ್ಳದ ಸಾಲುಗಳಿಗೆ ಹೊರಗಿನಿಂದ ಬಣ್ಣ ಬಳಿದರೆ ಏನೋ ಕೈಗೆ ಬಂದಂತೆ ಅನಿಸುತ್ತಿತ್ತೇನೋ.

ಒಂದು ರಾತ್ರಿ ಕರೆಂಟು ಹೋಗಿತ್ತು. ಕತ್ತಲಲ್ಲಿ ಮಾಡಲು ಬೇರೇನೂ ಇಲ್ಲದ್ದಕ್ಕೆ, ಪಕ್ಕದ ರೂಮಿನ ಪಿಯುಸಿ ಹುಡುಗನಿಗೆ ಅವನು ದ್ಯುತಿಸಂಶ್ಲೇಷಣೆ ಹೇಳತೊಡಗಿದ. ಪತ್ರಹರಿತ್ತು ಬೆಳಕು ಹೀರುವುದು, ನೀರು ಒಡೆಯುವುದು, ಆಮ್ಲಜನಕ ಹೊರಬೀಳುವುದು, ಇಂಗಾಲದ ಡೈಆಕ್ಸೈಡಿನಿಂದ ಸಕ್ಕರೆ ಕಟ್ಟುವುದು, ಎಲ್ಲ ಕ್ರಮವಾಗಿ, ಕನ್ನಡದಲ್ಲಿ, ನಡುನಡುವೆ ಹುಡುಗನಿಗೆ ಪ್ರಶ್ನೆ ಹಾಕುತ್ತ. ಎಲೆಯ ಅಡ್ಡಸೀಳಿಕೆಯನ್ನೂ ಬಿಡಲಿಲ್ಲ. ಹುಡುಗನ ಅಂಗೈ ಮೇಲೆ ಬೆರಳಿನಿಂದಲೇ ಬಿಡಿಸಿ ತೋರಿಸಿದ. ಇಡೀ ಸೆಮಿಸ್ಟರಿನಲ್ಲಿ ಆ ಪಾಠ ಅಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಕರೆಂಟು ಬಂತು. ಅವನು ಗಡಿಯಾರ ನೋಡಿ ಗಾಬರಿಬಿದ್ದ. “ಮಾತಾಡ್ಕೋತ ಕುಂತು ಒಂದ ತಾಸು ವೇಸ್ಟ್ ಆತಲ್ಲೋ! ಏಳ ತಮ್ಮಾ, ನಿನ್ನ ರೂಮಿಗೆ ಹೋಗು. ನಾ ಇನ್ನ ಓದಬೇಕು.”