ಜೀನ್ಸ್‌ಕೌದಿ ಮೀಮಾಂಸೆ

ಯಾವ ಶಾಸ್ತ್ರಕ್ಕಾದರೂ ಅಧಿಕಾರಿ ಯಾರೆಂದು ಮೊದಲು ಹೇಳಬೇಕು. ಬೀರುವಿನ ತಳದಲ್ಲಿರುವ ಜೀನ್ಸ್ ಪ್ಯಾಂಟಿನ ಗುಂಡಿಗೂ ಕಾಜಕ್ಕೂ ಸಂಯೋಗ ತಪ್ಪಿ ಯಾರಿಗೆ ವರ್ಷಗಳಾಗಿವೆಯೋ ಅವನೇ ಇಲ್ಲಿ ಅಧಿಕಾರಿ. ಈ ಸಂಯೋಗದ ಅಭಾವ ಯಾವ ಬಗೆಯದು ಎಂಬಲ್ಲಿ ಮತಭೇದವಿದೆ. ಪ್ಯಾಂಟಿನ ಒಡೆಯ ಇದನ್ನು ಪ್ರಾಗಭಾವ ಎನ್ನುತ್ತಾನೆ. ಅದಕ್ಕೆ ಅಂತ್ಯ ಉಂಟಲ್ಲವೆ, ಒಂದನೇ ತಾರೀಕಿನಿಂದ ವಾಕಿಂಗ್ ಶುರು ಮಾಡಿದರೆ ಗುಂಡಿ ಕೂತೀತು. ಹೆಂಡತಿಯ ಮತದಲ್ಲಿ ಇದು ಪ್ರಧ್ವಂಸಾಭಾವ: ಆದಿ ಉಂಟು (ಮದುವೆಯಾದ ಮರುವರ್ಷ), ಅಂತ್ಯ ಮಾತ್ರ ಇಲ್ಲ. ತರ್ಕ ಅವಳ ಕಡೆಗಿದೆ. ಕತ್ತರಿಯೂ ಅವಳ ಕೈಯಲ್ಲೇ ಇರುವುದರಿಂದ ಪೂರ್ವಪಕ್ಷ ಅಲ್ಲಿಗೆ ಖಂಡಿತವಾಯಿತು.

ಇನ್ನು ಲಕ್ಷಣ. ಕಾಲುಗಳಿಂದ ಆಗಿ ಕಾಲುಗಳನ್ನು ಮುಚ್ಚುವುದು ಜೀನ್ಸ್‌ಕೌದಿ. ಹಾಗಾದರೆ ಪ್ಯಾಂಟೂ ಕೌದಿಯೇ ಆಯಿತಲ್ಲ ಎಂದರೆ, ಹೌದು, ಅತಿವ್ಯಾಪ್ತಿ. ಪರಿಹಾರವಾಗಿ ‘ಒಬ್ಬರಿಗಿಂತ ಹೆಚ್ಚು ಜನರ ಕಾಲುಗಳನ್ನು’ ಎಂದು ಸೇರಿಸಿದರೆ ಬ್ರಹ್ಮಚಾರಿಯ ಕೌದಿಯಲ್ಲಿ ಅವ್ಯಾಪ್ತಿ. ನಿರ್ದುಷ್ಟ ಲಕ್ಷಣ ಸಿಗುವ ತನಕ ಹೊದ್ದು ಮಲಗಲು ಅಡ್ಡಿಯಿಲ್ಲ. ಲೋಕದ ಗಾದೆ ಹಾಸಿಗೆ ನೋಡಿ ಕಾಲು ಚಾಚು ಎನ್ನುತ್ತದೆ. ಈ ಶಾಸ್ತ್ರದಲ್ಲಿ ಕಾಲು ಎಣಿಸಿ ಹಾಸಿಗೆ ಅಳೆಯಬೇಕು.

ಕೌದಿ ಪ್ಯಾಂಟಿನಲ್ಲಿ ಮೊದಲೇ ಇತ್ತೆ, ಹೊಸದಾಗಿ ಹುಟ್ಟಿತೆ? ಎಳ್ಳಿನೊಳಗೆ ಎಣ್ಣೆಯಂತೆ ಇತ್ತು ಎಂದು ಸಾಂಖ್ಯರು. ಅವಯವಗಳೇ ಬೇರೆ, ಅವಯವಿಯೇ ಬೇರೆ, ಆದ್ದರಿಂದ ಹೊಸದೇ ಎಂದು ನೈಯಾಯಿಕರು. ಇಬ್ಬರೂ ಬಟ್ಟೆಯನ್ನು ಹತ್ತಿರದಿಂದ ನೋಡಿದವರಲ್ಲ. ಡೆನಿಮ್‌ನಲ್ಲಿ ಹಾಸಿನ ಎಳೆ ನೀಲಿ, ಹೊಕ್ಕಿನ ಎಳೆ ಬಿಳಿ. ಆ ನೀಲಿಯಾದರೂ ಎಳೆಯ ಹೊರಮೈಗೆ ಮಾತ್ರ ಹತ್ತಿರುತ್ತದೆ, ತಿರುಳು ಬೆಳ್ಳಗೇ ಉಳಿಯುತ್ತದೆ. ಅದಕ್ಕೇ ಉಜ್ಜಿದ ಕಡೆಯೆಲ್ಲ ಬಣ್ಣ ಹೋಗುತ್ತದೆ. ಚೌಕ ಚೌಕವಾಗಿ ಕತ್ತರಿಸಿ ಹೊಲಿದ ಮೇಲೂ ಮೊಣಕಾಲು ಮೊಣಕಾಲಾಗಿಯೇ ಕಾಣುವುದು ಇದರಿಂದ. ಹಿಂಜೇಬು ಬಿಚ್ಚಿದ ಜಾಗದಲ್ಲಂತೂ ಅಂಗಡಿಯಿಂದ ತಂದ ದಿನದ ಕಡುನೀಲಿ ಪಂಚಕೋನವಾಗಿ ಹಾಗೇ ಉಳಿದಿರುತ್ತದೆ. ಸಾಂಖ್ಯರಿಗೆ ಅರ್ಧ ಅಂಕ.

ಇದೇ ವಿಷಯದಲ್ಲಿ ಒಂದು ಪರದೇಶದ ಪ್ರಮಾಣ. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಊರಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ, ತೀರಿಹೋದ ಗಂಡ ದುಡಿಯುವಾಗ ಉಡುತ್ತಿದ್ದ ಬಟ್ಟೆಗಳನ್ನೇ ಸೇರಿಸಿ 1942ರಲ್ಲಿ ಕೌದಿ ಹೊಲಿದಳು. ಆ ಊರಿನ ಹೆಂಗಸರು ಸವೆದ ಡೆನಿಮ್ಮಿನಿಂದಲೂ ಚಳಿಗೆಂದು ಹೊಲಿದುಕೊಂಡ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು. ಇಲ್ಲಿ ನನ್ನ ಶಾಸ್ತ್ರದ ಬಾಯಿ ಕಟ್ಟುತ್ತದೆ. ಮುಂದಕ್ಕೆ ಹೋಗೋಣ.

ವಿಘ್ನಪ್ರಕರಣದಲ್ಲಿ ಮೊದಲನೆಯದು ರಿವೆಟ್. ಜೇಬಿನ ಮೂಲೆ ಹರಿಯದಿರಲಿ ಎಂದು ದರ್ಜಿ ಜೇಕಬ್ ಡೇವಿಸ್ ಬಡಿದ ಈ ಲೋಹಬಿಂದುವಿಗೆ ಅವನೂ ಲೆವಿ ಸ್ಟ್ರಾಸ್ ಕಂಪನಿಯೂ 1873ರ ಮೇ 20ರಂದು ಪೇಟೆಂಟ್ ಪಡೆದರು. ಮನೆಯ ಹೊಲಿಗೆ ಮಶೀನಿನ ಮಟ್ಟಿಗೆ ಅದು ಸೂಜಿ ಮುರಿಯುವ ಯಂತ್ರ. ಎರಡನೆಯದು ಕಾಲಿನ ದಪ್ಪ ಜೋಡುಹೊಲಿಗೆ. ಬಳ್ಳಾರಿಯ ಜೀನ್ಸ್ ಘಟಕಗಳ ಮಶೀನುಗಳಿಗೆ ಅಂಥ ಪದರಗಳು ಲೆಕ್ಕಕ್ಕಿಲ್ಲ. ಅಮ್ಮನ ಪೆಡಲ್ ಮಶೀನು ಅಲ್ಲಿ ಬಂದು ನಿಂತುಬಿಡುತ್ತದೆ. ಆದ್ದರಿಂದ ಜೋಡುಹೊಲಿಗೆಯನ್ನು ಪೂರ್ತಿ ಕತ್ತರಿಸಿ ತೆಗೆದು, ಹದಿನಾರರ ಸೂಜಿ ಹಾಕಿ, ಸಪಾಟಾದ ತುಂಡುಗಳನ್ನಷ್ಟೇ ಕೂಡಿಸಬೇಕು. ಹಿಗ್ಗುವ ಜೀನ್ಸನ್ನು ಹಿಗ್ಗದ ಜೀನ್ಸಿಗೆ ಕೂಡಿಸಿದರೆ ನಿರಿಗೆ ಏಳುತ್ತದೆ. ವರ್ಣಸಂಕರ ಮಾತ್ರ ಇಲ್ಲಿ ದೋಷವಲ್ಲ, ಶೋಭೆ.

ಅಸ್ತರಿಗೆ ಹಳೆಯ ಕಾಟನ್ ಸೀರೆ ಸಾಕು, ನಡುವೆ ಹತ್ತಿ ತುಂಬುವ ಅಗತ್ಯವಿಲ್ಲ. ಡೆನಿಮ್ ಚದರ ಮೀಟರಿಗೆ 400 ಗ್ರಾಂ ತೂಗಿದರೂ 5 ಅಡಿ ಅಗಲ, 7 ಅಡಿ ಉದ್ದದ ಕೌದಿಗೆ ಮೇಲ್ಪದರವೇ 1.3 ಕಿಲೋ. ಒಗೆದ ದಿನ ಹಿಂಡಲು ಇಬ್ಬರು ಬೇಕು; ದಾಂಪತ್ಯವನ್ನು ಶಾಸ್ತ್ರ ವಿಧಿಸುವುದು ಇಲ್ಲೊಂದೇ ಕಡೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕೌದಿಯಲ್ಲಿ ಮೂಲೆಗೆ ಬಟ್ಟೆ ಮಡಿಸಿ ‘ಫುಲ’ ಎಂಬ ಹೂವಿಡದೆ ಕೆಲಸ ಮುಗಿಯದು. ಡೆನಿಮ್ ಹೂವಾಗಲು ಒಪ್ಪುವ ಜಾತಿಯಲ್ಲ. ಅದಕ್ಕೆ ಪ್ರತಿನಿಧಿಯಾಗಿ ಸೊಂಟಪಟ್ಟಿಯ ಹಿಂದಿನ ಚರ್ಮದ ಚೀಟಿಯನ್ನು ಬಳಸಬಹುದು ಎಂದು ನನ್ನ ಸ್ವಂತ ವಾರ್ತಿಕ.

ಉಳಿದದ್ದು ಜೇಬು. ಹಿಂಜೇಬನ್ನು ಬಿಚ್ಚದೆ ಬಿಟ್ಟರೆ ಟಿವಿ ರಿಮೋಟು ಅಲ್ಲಿ ಸೇರಿ ಮನೆಯಲ್ಲಿ ಕಲಹ. ಮುಂಜೇಬಿನೊಳಗೆ ಇನ್ನೊಂದು ಪುಟ್ಟ ಜೇಬಿದೆ. ಸರಪಳಿ ಗಡಿಯಾರದ ಕಾಲದಲ್ಲಿ ಹುಟ್ಟಿ ಗಡಿಯಾರ ಹೋದ ಮೇಲೂ ಉಳಿದದ್ದು. ಹೊಲಿಯುವ ಮುಂಚೆ ಅದನ್ನು ತಡಕಲೇಬೇಕು. ನಾಲ್ಕಾಗಿ ಮಡಿಸಿದ ಐನೂರರ ನೋಟು ಸಿಕ್ಕೀತು. ಅದು 2016ರ ನವೆಂಬರ್ 8ಕ್ಕಿಂತ ಹಿಂದಿನದಾದರೆ ರೂಪ ಉಂಟು, ಅರ್ಥವಿಲ್ಲ, ಬೌದ್ಧರನ್ನು ಕೇಳಬೇಕು.