ಅರಳಿ ಸಸಿಗೊಂದು ಅಭಿನಂದನ ಪತ್ರ

ಮೈಸೂರಿನ ಹಳೆಯ ಪೇಟೆಯ ಪುನರುಜ್ಜೀವನಕ್ಕಾಗಿ ರಜೆ ಹಾಕದೆ, ಟೆಂಡರಿಗೆ ಕಾಯದೆ, ಸಭಾಭತ್ಯೆಯನ್ನೂ ಪಡೆಯದೆ ಹಗಲಿರುಳು ದುಡಿಯುತ್ತಿರುವ ಏಕೈಕ ಜೀವಿ ಅರಳಿ ಸಸಿ. ಪಾರಂಪರಿಕ ಕಟ್ಟಡಗಳ ಪ್ಯಾರಾಪೆಟ್ ಗೋಡೆಯಲ್ಲಿ, ಮಳೆನೀರಿನ ಕೊಳವೆಯ ಬಾಯಲ್ಲಿ, ಕಮಾನಿನ ಬಿರುಕಿನಲ್ಲಿ ಸದಾ ಹಸಿರಾಗಿ ನಿಂತಿರುವ ಈ ಮಹನೀಯರಿಗೆ ಶಾಲು, ಹಾರ, ಫಲತಾಂಬೂಲ, ಮೈಸೂರು ಪೇಟ ಇನ್ನೂ ಸಂದಿಲ್ಲದಿರುವುದು ವಿಷಾದದ ಸಂಗತಿ. ಪೇಟವೊಂದನ್ನು ಬಿಟ್ಟರೆ ಸನ್ಮಾನಕ್ಕೆ ಬೇಕಾದ ಹೂವು, ಹಣ್ಣು, ವೀಳ್ಯದೆಲೆಗಳೆಲ್ಲ ಸನ್ಮಾನಿತರ ಕಾರ್ಯಕ್ಷೇತ್ರವಾದ ದೇವರಾಜ ಮಾರುಕಟ್ಟೆಯಲ್ಲೇ ಸಿಗುತ್ತವೆ.

ಸನ್ಮಾನಿತರ ಜನನ ಹಕ್ಕಿಯ ಹಿಕ್ಕೆಯಲ್ಲಿ. ಹಣ್ಣು ತಿಂದ ಹಕ್ಕಿ ಗೋಡೆಯ ಮೇಲೆ ಕೂತು ಬೀಜ ಬಿಟ್ಟುಹೋಗುತ್ತದೆ. ಹಳೆಯ ಸುಣ್ಣದ ಗಾರೆಯಲ್ಲಿ ತೇವ ನಿಂತಿದ್ದರೆ ಅಷ್ಟೇ ಸಾಕು. ಕೂದಲೆಳೆಯಂಥ ಬೇರು ಇಟ್ಟಿಗೆಯ ಸಂದು ಹಿಡಿದು ಒಳಗಿಳಿಯುತ್ತದೆ. ದಪ್ಪವಾಗುತ್ತಾ ಹೋದ ಬೇರು ಗೋಡೆಯನ್ನು ಒಳಗಿನಿಂದಲೇ ಸೀಳುತ್ತದೆ. ದಸರೆಗೆ ಮುಂಚೆ ಸುಣ್ಣಬಣ್ಣ ಬಳಿಯುವಾಗ ಎಲೆ, ಕೊಂಬೆಗಳನ್ನು ಸವರಿ ಹಾಕುವುದುಂಟು. ಸವರಿದ ಸಸಿ ಮತ್ತಷ್ಟು ಹುರುಪಿನಿಂದ ಚಿಗುರುತ್ತದೆ. ಅರಳಿ ಕಡಿದರೆ ಪಾಪವೆಂಬ ನಂಬಿಕೆಯೂ ಬೆನ್ನಿಗಿರುವುದರಿಂದ ಇವರಿಗಿರುವ ಸೇವಾಭದ್ರತೆ ಕಾಯಂ ನೌಕರರಿಗೂ ಇಲ್ಲ.

ಕಾರ್ಯಕ್ಷೇತ್ರವೂ ಸಾಮಾನ್ಯವಾದುದಲ್ಲ. ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೆ, ಕೆ.ಆರ್. ವೃತ್ತದ ಕಡೆಯಿಂದ ಧನ್ವಂತರಿ ರಸ್ತೆಯವರೆಗೆ ಚಾಚಿಕೊಂಡ ದೇವರಾಜ ಮಾರುಕಟ್ಟೆ ಶತಮಾನ ದಾಟಿದ್ದು; ಜಂಬೂಸವಾರಿ ಅದರ ಮುಂದೆಯೇ ಸಾಗುತ್ತದೆ. ಒಳಗೆ ಹೂವಿನವರು ಮೊಣಕೈಯಿಂದ ಬೆರಳ ತುದಿಗೆ ದಂಡೆ ಹಿಡಿದು ಮೊಳ ಅಳೆಯುತ್ತಾರೆ. ಗಿರಾಕಿಯ ಕಣ್ಣು ಹೂವಿಗಿಂತ ಹೆಚ್ಚಾಗಿ ಆ ಮೊಣಕೈಯ ಮೇಲಿರುತ್ತದೆ. ಅರಿಸಿನ, ಕುಂಕುಮದ ಗೋಪುರಗಳು ತಟ್ಟೆಗಳಲ್ಲಿ ನಿಂತಿರುತ್ತವೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಅವುಗಳ ತಲೆಯ ಮೇಲಿನ ಸೂರಿಗೆ ಸಿಕ್ಕಿದ್ದು ವರದಿಗಳು ಮಾತ್ರ.

ಆ ಸೂರಿನ ರಚನೆ ತಿಳಿದರೆ ಸನ್ಮಾನಿತರ ಸಾಧನೆಯ ಬೆಲೆ ತಿಳಿಯುತ್ತದೆ. ಆ ಕಾಲದ ಕಟ್ಟಡಗಳಿಗೆ ಸಾಮಾನ್ಯವಾಗಿ ಮದ್ರಾಸ್ ತಾರಸಿ ಹಾಕುತ್ತಿದ್ದರು. ಗೋಡೆಯಿಂದ ಗೋಡೆಗೆ ಮರದ ತೊಲೆ. ಅದರ ಮೇಲೆ ಸಣ್ಣ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿದ ಪದರ. ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಚ್ಚು. ನೀರು ಹರಿದುಹೋಗುತ್ತಿದ್ದರೆ ಇದು ನೂರು ವರ್ಷ ಬಾಳುತ್ತದೆ. ಕೊಳವೆ ಕಟ್ಟಿ ನೀರು ನಿಂತರೆ ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ ಮೊದಲು ಕೊಳೆಯುತ್ತದೆ. ಕಣ್ಣಿಗೆ ಬೀಳದ ಜಾಗ ಅದೇ. ಬಿರುಕಿಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವಕ್ಕೆ ಹೊರಬರುವ ದಾರಿಯೂ ಮುಚ್ಚಿಹೋಗುತ್ತದೆ. ಅಂಥ ದುರಸ್ತಿಯನ್ನು ಸನ್ಮಾನಿತರು ತುಂಬುಹೃದಯದಿಂದ ಸ್ವಾಗತಿಸುತ್ತಾರೆ.

ಫಲಿತಾಂಶಗಳು ದಾಖಲೆಯಲ್ಲಿವೆ. ಚಿಕ್ಕ ಗಡಿಯಾರದ ಬಳಿ 1892ರಲ್ಲಿ ಎದ್ದ ಲ್ಯಾನ್ಸ್‌ಡೌನ್ ಕಟ್ಟಡ ಹಳೆಯ ಪುಸ್ತಕದಂಗಡಿಗಳಿಗೆ ಹೆಸರಾಗಿತ್ತು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಮಳಿಗೆಗಳು ಖಾಲಿಯಾದವು, ಕಟ್ಟಡ ವರ್ಷಗಟ್ಟಲೆ ಬಾಗಿಲು ಮುಚ್ಚಿಕೊಂಡೇ ನಿಂತಿತು. 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ದ್ವಾರ ಕುಸಿಯಿತು. ಉಳಿಸಿ ದುರಸ್ತಿ ಮಾಡಬಹುದೆಂದು ಕೆಲವು ತಜ್ಞರು, ಕೆಡವಿ ಕಟ್ಟಬೇಕೆಂದು ಇನ್ನು ಕೆಲವರು. ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. ಈ ಕುಸಿತಗಳ ಹೊಣೆಯನ್ನು ಸಸಿಯ ಮೇಲೆ ಹೊರಿಸುವುದು ಈ ಪತ್ರದ ಉದ್ದೇಶವಲ್ಲ. ತಜ್ಞರು ಚರ್ಚಿಸುತ್ತಿದ್ದಷ್ಟು ಕಾಲ ಸುಮ್ಮನೆ ಕೂರದವರನ್ನು ಗುರುತಿಸುವುದಷ್ಟೇ ಉದ್ದೇಶ.

ಸನ್ಮಾನದಲ್ಲಿ ಸಹಭಾಗಿಯೊಬ್ಬರಿಗೂ ಪಾಲು ಸಲ್ಲಬೇಕು: ಬಾಡಿಗೆ ಪದ್ಧತಿ. ಹಳೆಯ ಪೇಟೆಗಳಲ್ಲಿ ಮಳಿಗೆಯ ಬಾಡಿಗೆ ಎಂದೋ ಗೊತ್ತಾದದ್ದು. ಆ ಹಣದಲ್ಲಿ ಮಾಡು ರಿಪೇರಿ ಆಗದೆಂದು ಮಾಲೀಕರು ಕೈಚೆಲ್ಲುತ್ತಾರೆ. ತನ್ನದಲ್ಲದ ಮಾಡಿಗೆ ತಾನೇಕೆ ಸುರಿಯಬೇಕೆಂದು ಬಾಡಿಗೆದಾರ ಕೇಳುತ್ತಾನೆ. ನಡುವೆ ಒಳಬಾಡಿಗೆಯವನಿದ್ದರೆ ಅವನ ಚಿಂತೆ ನಾಳಿನ ವ್ಯಾಪಾರ. ಮೂವರ ಹೇಳಿಕೆಯೂ ಸರಿ, ಸೂರು ಮಾತ್ರ ಸೋರುತ್ತದೆ. ಕೆಡವಿ ಕಟ್ಟುವ ಮಾತು ಬಂದಾಗ ವ್ಯಾಪಾರಿಗಳು ಅಡ್ಡಗಾಲು ಹಾಕುತ್ತಾರೆಂಬ ದೂರೂ ಉಂಟು. ಲ್ಯಾನ್ಸ್‌ಡೌನ್ ಮಳಿಗೆಗಳಿಗೆ ಬಿದ್ದ ಬೀಗ ಕಂಡವರು ಅಂಗಡಿ ಬಿಟ್ಟುಕೊಡಲು ಹೆದರುವುದರಲ್ಲಿ ತಪ್ಪೇನೂ ಇಲ್ಲ.

ಪುನರುಜ್ಜೀವನವೆಂದರೆ ಅಲಂಕಾರಿಕ ದೀಪದ ಕಂಬ, ಕಲ್ಲು ಹಾಸಿದ ರಸ್ತೆ, ಸ್ವಾಗತ ಕಮಾನು ಎಂಬ ತಿಳಿವಳಿಕೆ ಊರೂರಲ್ಲಿದೆ. ಅದರಿಂದ ಸನ್ಮಾನಿತರಿಗೆ ಯಾವ ತೊಂದರೆಯೂ ಇಲ್ಲ. ದೀಪದ ಬೆಳಕಿನಲ್ಲಿ ಅವರು ಇನ್ನಷ್ಟು ಚೆನ್ನಾಗಿ ಕಾಣುತ್ತಾರೆ. ಅವರಿಗೆ ಕುತ್ತು ತರುವ ಕೆಲಸಗಳು ಬೇರೆ: ದುರಸ್ತಿಯಾದ ಮೇಲೆ ಅದೇ ಮಳಿಗೆ ಅದೇ ವ್ಯಾಪಾರಿಗೆ ಮರಳುತ್ತದೆಂಬ ಲಿಖಿತ ಕರಾರು, ಇಡೀ ಮಾರುಕಟ್ಟೆ ಮುಚ್ಚದೆ ಒಂದೊಂದೇ ಸಾಲು ರಿಪೇರಿ, ಬಾಡಿಗೆಯ ಒಂದು ಪಾಲು ಮಾಡಿನ ನಿರ್ವಹಣೆಗೇ ಮೀಸಲು, ಸುಣ್ಣದ ಗಾರೆ ಅರೆಯಬಲ್ಲ ಕೆಲಸಗಾರರು. ಇವು ಯಾವುವೂ ಉದ್ಘಾಟನೆಗೆ ಒದಗುವಂಥವಲ್ಲ, ಅದೇ ಇವುಗಳ ದೊಡ್ಡ ಅನರ್ಹತೆ.

ಆದ್ದರಿಂದ ಹಾರ ಹಾಕಿ ಫೋಟೋ ತೆಗೆಸಿಕೊಂಡ ಮೇಲೆ, ಮುಂಗಾರು ಹಿಡಿಯುವ ಮುನ್ನ ಗಾರೆ ಕೆಲಸದವರೊಬ್ಬರನ್ನು ಏಣಿ ಕೊಟ್ಟು ಮೇಲೆ ಹತ್ತಿಸಿ, ಕೊಳವೆಗಳ ಬಾಯಿ ಬಿಡಿಸಿ, ಸನ್ಮಾನಿತರನ್ನು ಬೇರುಸಮೇತ ಕೆಳಗಿಳಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ. ಸಸಿ ನೆಡಲು ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಬೇಕಾದಷ್ಟು ಜಾಗವಿದೆ.